ಎರಡನೆಯ ರಾತ್ರಿಯೂ ಕಂಡರೆ: ಹೊಸ ಕ್ಷುದ್ರಗ್ರಹ, ಧೂಮಕೇತುಗಳನ್ನು ಖಚಿತಪಡಿಸುವ ಬಗೆ

ಇದು ಗೋಳಗುಮ್ಮಟದ ವಿಜಯಪುರವಲ್ಲ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಹಳಬರ ಬಾಯಲ್ಲಿ ವಡಿಗೇನಹಳ್ಳಿ. ಹಿಪ್ಪುನೇರಳೆ ತೋಟಕ್ಕೂ ರೇಷ್ಮೆಗೂಡಿನ ಮಾರುಕಟ್ಟೆಗೂ ಹೆಸರಾದ ಈ ಊರಿನಲ್ಲಿ ರಾತ್ರಿ ತಾರಸಿಯ ಮೇಲೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ನಕ್ಷತ್ರಗಳಲ್ಲ, ವಿಮಾನಗಳು. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಇಲ್ಲಿನ ಮಕ್ಕಳಿಗೆ ಆಕಾಶದ ಮೊದಲ ಪಾಠ ತಾನಾಗಿಯೇ ಬಂದಿದೆ: ನಿಂತಿದ್ದರೆ ನಕ್ಷತ್ರ, ಸರಿದರೆ ವಿಮಾನ. ಕ್ಷುದ್ರಗ್ರಹ ಹುಡುಕುವವರ ಮೊದಲ ಪಾಠವೂ ಹೆಚ್ಚುಕಡಿಮೆ ಇದೇ. ನಿಂತ ಚುಕ್ಕಿಗಳ ನಡುವೆ ಸರಿದ ಚುಕ್ಕಿಯನ್ನು ಹಿಡಿಯಬೇಕು. ಫಜೀತಿ ಶುರುವಾಗುವುದು ಹಿಡಿದ ಮೇಲೆ. ಅದು ನಿಜಕ್ಕೂ ಹೊಸದೇ? ಎಲ್ಲಿಗೆ ಹೊರಟಿದೆ? ನಾಳೆ ರಾತ್ರಿ ಎಲ್ಲಿ ಹುಡುಕಿದರೆ ಮತ್ತೆ ಸಿಗುತ್ತದೆ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಕಂಡದ್ದು ಬರೀ ಕಂಡದ್ದು, ಶೋಧವಲ್ಲ.

ಈ ಕೆಲಸಕ್ಕೂ ವಿಜಯಪುರ ಇರುವ ಜಿಲ್ಲೆಗೂ ನಂಟಿದೆ. ಹೊಸಕೋಟೆಯ ಶಿಡ್ಲಘಟ್ಟ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ (ಐಐಎ) ಸಂಸ್ಥೆಯ ‘ಕ್ರೆಸ್ಟ್’ ಎಂಬ ಆವರಣವಿದೆ. ಅಲ್ಲಿನ ಕೋಣೆಯೊಂದರಲ್ಲಿ ಕುಳಿತವರು ಲಡಾಖಿನ ದೂರದರ್ಶಕವನ್ನು ತಿರುಗಿಸುತ್ತಾರೆ. ಅದರ ಕಥೆಗೆ ಬರುವ ಮುನ್ನ ಕೆಲವು ಮೂಲ ಸಂಗತಿಗಳು.

ಯಾವುದು ‘ಭೂಸಮೀಪ’?

ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿ ಲಕ್ಷಗಟ್ಟಲೆ ಕ್ಷುದ್ರಗ್ರಹಗಳು ತಮ್ಮ ಪಾಡಿಗೆ ಸುತ್ತುತ್ತಿವೆ. ಅವುಗಳ ಪೈಕಿ ಕೆಲವು ಗುರುವಿನ ಸೆಳೆತಕ್ಕೆ ಸಿಕ್ಕಿ ದಾರಿ ಬದಲಿಸಿ ಒಳಗೆ ಬರುತ್ತವೆ. ಸೂರ್ಯನಿಗೆ ಅತಿ ಹತ್ತಿರ ಬಂದಾಗ ಅದರಿಂದ 1.3 ಖಗೋಳಮಾನಕ್ಕಿಂತ, ಅಂದರೆ ಸುಮಾರು 19.5 ಕೋಟಿ ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಹಾಯುವ ಯಾವುದೇ ಕ್ಷುದ್ರಗ್ರಹವನ್ನು ಅಥವಾ ಧೂಮಕೇತುವನ್ನು ಭೂಸಮೀಪ ಕಾಯ ಎನ್ನುತ್ತಾರೆ. ‘ಸಮೀಪ’ ಎಂಬ ಮಾತು ಇಲ್ಲಿ ತುಂಬ ಉದಾರ. ಇವುಗಳಲ್ಲಿ ಹೆಚ್ಚಿನವು ಭೂಮಿಯ ಕಡೆ ತಿರುಗಿಯೂ ನೋಡುವುದಿಲ್ಲ. ಗೊತ್ತಿರುವ ಭೂಸಮೀಪ ಕ್ಷುದ್ರಗ್ರಹಗಳ ಸಂಖ್ಯೆ 2025ರ ನವೆಂಬರ್ ಹೊತ್ತಿಗೆ 40,000 ದಾಟಿತು.

ಇವುಗಳೊಳಗೇ ಇನ್ನೊಂದು ಸಣ್ಣ ಗುಂಪಿದೆ: ಭೂಮಿಯ ಕಕ್ಷೆಗೆ 75 ಲಕ್ಷ ಕಿಲೋಮೀಟರಿಗಿಂತ ಹತ್ತಿರ ಹಾಯಬಲ್ಲ, ಸುಮಾರು 140 ಮೀಟರಿಗಿಂತ ದೊಡ್ಡ ಬಂಡೆಗಳು. ‘ಅಪಾಯಕಾರಿ ಆಗಬಹುದಾದವು’ ಎಂದು ಇವಕ್ಕೆ ಹಣೆಪಟ್ಟಿ. ಪತ್ರಿಕೆಗಳಲ್ಲಿ ಈ ‘ಆಗಬಹುದಾದ’ ಎಂಬ ಪದ ಆಗಾಗ ಉದುರಿಹೋಗುತ್ತದೆ. ಓದುಗರೇ ಸೇರಿಸಿಕೊಂಡು ಓದಬೇಕು. ಹಾಗೆಂದು ಗಾತ್ರ ಚಿಕ್ಕದಾದರೆ ಚಿಂತೆಯಿಲ್ಲವೆಂದೇನೂ ಅಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು 20 ಮೀಟರ್ ಆಸುಪಾಸಿನ ಬಂಡೆ. ಒಡೆದ ಕಿಟಕಿ ಗಾಜಿನಿಂದ ಗಾಯಗೊಂಡವರೇ ಬಹುಪಾಲು. ಒಟ್ಟು ಸಾವಿರದ ಐನೂರರ ಹತ್ತಿರ ಜನ. ಅದು ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರಿಗೂ ಮೊದಲೇ ಕಂಡಿರಲಿಲ್ಲ.

ಸರಿಯುವ ಚುಕ್ಕಿ

ಹುಡುಕುವ ಕೆಲಸ ಈಗ ಬಹುಮಟ್ಟಿಗೆ ಯಂತ್ರಗಳದ್ದು. ಅರಿಜೋನಾದ ಕ್ಯಾಟಲಿನಾ, ಹವಾಯಿಯ ಪ್ಯಾನ್‌ಸ್ಟಾರ್ಸ್, ಹಾಗೂ ಹವಾಯಿ, ಚಿಲಿ, ದಕ್ಷಿಣ ಆಫ್ರಿಕಾಗಳಲ್ಲಿ ಹರಡಿರುವ ಅಟ್ಲಾಸ್ ದೂರದರ್ಶಕಗಳು ರಾತ್ರಿಯಿಡೀ ಆಕಾಶವನ್ನು ಗುಡಿಸುತ್ತವೆ. ಒಂದೇ ತುಣುಕು ಆಕಾಶವನ್ನು ಅರ್ಧ ಮುಕ್ಕಾಲು ಗಂಟೆಯೊಳಗೆ ಮೂರು ನಾಲ್ಕು ಸಲ ಚಿತ್ರಿಸಿ, ಒಂದರ ಮೇಲೊಂದಿಟ್ಟು ನೋಡಿ, ಒಂದೇ ಗೆರೆಯಲ್ಲಿ ಒಂದೇ ವೇಗದಲ್ಲಿ ಸರಿದ ಚುಕ್ಕಿಗಳನ್ನು ತಂತ್ರಾಂಶ ಹೆಕ್ಕುತ್ತದೆ.

ಈ ಚುಕ್ಕಿಗಳು ಎಷ್ಟು ಮಸುಕು ಎಂಬುದಕ್ಕೆ ಒಂದು ಲೆಕ್ಕ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಕಾಣುವ ಕಡೆಯ ನಕ್ಷತ್ರದ ಕಾಂತಿಮಾನ 6. ಹೊಸದಾಗಿ ಸಿಗುವ ಭೂಸಮೀಪ ಕಾಯಗಳದ್ದು ಸಾಮಾನ್ಯವಾಗಿ 19ರಿಂದ 22. ಕಾಂತಿಮಾನ ಐದು ಹೆಚ್ಚಿದರೆ ಬೆಳಕು ನೂರು ಪಟ್ಟು ಕಡಿಮೆ. ಹಾಗಾಗಿ 21ರ ಚುಕ್ಕಿ ಬರಿಗಣ್ಣಿನ ಗಡಿಗಿಂತ ಹತ್ತು ಲಕ್ಷ ಪಟ್ಟು ಮಸುಕು. ಈ ನೂರು ಪಟ್ಟಿನ ಅಳತೆಯನ್ನು 1856ರಲ್ಲಿ ಹಾಕಿಕೊಟ್ಟವನು ನಾರ್ಮನ್ ಪಾಗ್ಸನ್. ಆ ಮನುಷ್ಯ ಮುಂದೆ ಮದರಾಸಿಗೆ ಬರುತ್ತಾನೆ, ಈ ಲೇಖನದೊಳಕ್ಕೂ.

ಚುಕ್ಕಿ ಸಿಕ್ಕಿದ ಮೇಲೆ ಅದರ ಸ್ಥಾನವನ್ನು ಅಳೆಯಬೇಕು. ಸುತ್ತಲಿನ ನಕ್ಷತ್ರಗಳ ಸ್ಥಾನ ಗಾಯಾ ಉಪಗ್ರಹದ ಪಟ್ಟಿಯಿಂದ ಕರಾರುವಾಕ್ಕಾಗಿ ಗೊತ್ತು. ಅವುಗಳ ನಡುವೆ ಹೊಸ ಚುಕ್ಕಿ ಎಲ್ಲಿದೆ ಎಂದು ಒಂದು ಕೋನ ಸೆಕೆಂಡಿಗಿಂತ ನಯವಾಗಿ ಹೇಳಬೇಕು. ಹುಣ್ಣಿಮೆ ಚಂದ್ರನ ಅಗಲವನ್ನು 1,800 ಹೋಳು ಮಾಡಿದರೆ ಒಂದು ಹೋಳು ಒಂದು ಕೋನ ಸೆಕೆಂಡು. ಸ್ಥಾನದಷ್ಟೇ ಮುಖ್ಯ ಗಡಿಯಾರ. ಹತ್ತಿರದಿಂದ ಹಾಯುವ ಬಂಡೆ ನಿಮಿಷಕ್ಕೆ 60 ಕೋನ ಸೆಕೆಂಡು ಓಡಬಹುದು. ಆಗ ವೀಕ್ಷಕನ ಗಡಿಯಾರ ಒಂದೇ ಸೆಕೆಂಡು ಹಿಂದಿದ್ದರೂ ಅಳತೆ ಕೆಟ್ಟಿತು. ಹವ್ಯಾಸಿಗಳು ಕಳಿಸುವ ಅಳತೆಗಳು ತಿರಸ್ಕೃತವಾಗುವುದಕ್ಕೆ ದೂರದರ್ಶಕಕ್ಕಿಂತ ಹೆಚ್ಚಾಗಿ ಕಂಪ್ಯೂಟರಿನ ಸೋಮಾರಿ ಗಡಿಯಾರವೇ ಕಾರಣವಾಗಿರುವುದುಂಟು.

ಕೇಂಬ್ರಿಡ್ಜಿನ ದಫ್ತರ

ಎಲ್ಲ ಅಳತೆಗಳೂ ಹೋಗಿ ಸೇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜಿನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರಿಗೆ. 1947ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾಗಿ 1978ರಲ್ಲಿ ಇಲ್ಲಿಗೆ ಬಂದ ಈ ಕೇಂದ್ರವನ್ನು ಸೌರವ್ಯೂಹದ ಸಣ್ಣ ಕಾಯಗಳ ಸಬ್‌ರಿಜಿಸ್ಟ್ರಾರ್ ಕಚೇರಿ ಎನ್ನಬಹುದು. ಇಲ್ಲಿ ನೋಂದಣಿಯಾಗದೆ ಯಾವ ಕ್ಷುದ್ರಗ್ರಹವೂ ‘ಇಲ್ಲ’.

ಬಂದ ಅಳತೆಗಳನ್ನು ಕಂಪ್ಯೂಟರು ಮೊದಲು ಗೊತ್ತಿರುವ ಕಾಯಗಳೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ, ಅದರ ಚಲನೆ ಭೂಸಮೀಪ ಕಾಯದಂತಿದೆಯೇ ಎಂದು ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. 65 ಮತ್ತು ಮೇಲೆ ಬಂದರೆ ಆ ಚುಕ್ಕಿಗೆ ‘ಖಚಿತಪಡಿಸಬೇಕಾದವು’ ಎಂಬ ಬಹಿರಂಗ ಪಟ್ಟಿಯಲ್ಲಿ ಜಾಗ. ಧೂಮಕೇತು ಇರಬಹುದೆಂಬ ಶಂಕೆಯಿದ್ದವಕ್ಕೆ ಬೇರೆ ಪಟ್ಟಿ. ಜಗತ್ತಿನ ಯಾರು ಬೇಕಾದರೂ ಇವನ್ನು ನೋಡಿ, ಇಂದು ರಾತ್ರಿ ಆ ಚುಕ್ಕಿ ಎಲ್ಲಿರಬಹುದೆಂಬ ಅಂದಾಜು ಪಡೆದು, ತಮ್ಮ ದೂರದರ್ಶಕ ತಿರುಗಿಸಬಹುದು.

ತುರ್ತು ಏಕೆಂದರೆ, ಒಂದು ಗಂಟೆಯ ನೋಟದಲ್ಲಿ ಸಿಗುವುದು ಆಕಾಶದಲ್ಲಿ ಒಂದು ಪುಟ್ಟ ಗೆರೆ ಮಾತ್ರ. ಚುಕ್ಕಿ ಎಷ್ಟು ದೂರದಲ್ಲಿದೆ ಎಂಬುದು ಅದರಲ್ಲಿಲ್ಲ. ಹತ್ತಿರದಲ್ಲಿ ನಿಧಾನವಾಗಿ ಹೋಗುವ ಸಣ್ಣ ಬಂಡೆಯೂ ದೂರದಲ್ಲಿ ಜೋರಾಗಿ ಹೋಗುವ ದೊಡ್ಡ ಬಂಡೆಯೂ ಒಂದೇ ಗೆರೆ ಎಳೆಯಬಲ್ಲವು. ಹೊತ್ತು ಕಳೆದಂತೆ ಎರಡರ ದಾರಿ ಬೇರೆಯಾಗುತ್ತದೆ. ಎರಡನೆಯ, ಮೂರನೆಯ ರಾತ್ರಿಯ ಅಳತೆ ಬಂದರೆ ಬೇಡದ ಸಾಧ್ಯತೆಗಳು ಉದುರುತ್ತವೆ. ಬಾರದಿದ್ದರೆ ಅಂದಾಜಿನ ಪ್ರದೇಶ ದಿನದಿನಕ್ಕೆ ಹಿಗ್ಗುತ್ತ, ಕಡೆಗೆ ಯಾವ ದೂರದರ್ಶಕದ ಕಣ್ಣಳತೆಗೂ ಸಿಗದಷ್ಟು ಹರಡುತ್ತದೆ. ವಿಜಯಪುರದ ರೀಲರುಗಳಿಗೆ ಇದನ್ನು ವಿವರಿಸಬೇಕಿಲ್ಲ: ಬಿಸಿನೀರಿನ ಗೂಡಿನಿಂದ ಎಳೆ ತುಂಡಾದರೆ ತಕ್ಷಣ ಕೊನೆ ಹಿಡಿದು ಸೇರಿಸಬೇಕು, ತಡವಾದರೆ ಯಾವ ಗೂಡಿನ ಎಳೆ ಯಾವುದೆಂದೇ ತಿಳಿಯದು.

ಎಲ್ಲ ನೆಟ್ಟಗೆ ನಡೆದರೆ ಹೇಗಿರುತ್ತದೆ ಎಂಬುದಕ್ಕೆ 2008ರ ಅಕ್ಟೋಬರ್ 6 ಸಾಕ್ಷಿ. ಕ್ಯಾಟಲಿನಾದ ರಿಚರ್ಡ್ ಕೊವಾಲ್ಸ್ಕಿ ಹಿಡಿದ ನಾಲ್ಕು ಮೀಟರಿನ ಬಂಡೆಯೊಂದು, 2008 ಟಿಸಿ3, ಒಂದು ದಿನದೊಳಗೆ ಭೂಮಿಗೆ ಬೀಳುತ್ತದೆ ಎಂದು ಲೆಕ್ಕ ಹೇಳಿತು. ಲೋಕದ ವೀಕ್ಷಣಾಲಯಗಳು ಐನೂರಕ್ಕೂ ಹೆಚ್ಚು ಅಳತೆ ಕಳಿಸಿದವು. ಸುಡಾನಿನ ಮರುಭೂಮಿಯ ಮೇಲೆ, ಹೇಳಿದ ಹೊತ್ತಿಗೆ, ಅದು ಸಿಡಿಯಿತು. ಆಮೇಲೆ ಹುಡುಕಿಹೋದವರಿಗೆ ಚೂರುಗಳೂ ಸಿಕ್ಕವು. ಬೀಳುವ ಮೊದಲೇ ಕಂಡುಹಿಡಿದ ಮೊದಲ ಬಂಡೆ ಅದು. 2024ರ ಕೊನೆಯ ಹೊತ್ತಿಗೆ ಇಂಥವು ಹನ್ನೊಂದಾಗಿದ್ದವು, ಎಲ್ಲವೂ ಸಣ್ಣವೇ.

ಮದರಾಸಿನ ಎರಡು ಬೆಳಗಿನ ಜಾವ

ಎಲ್ಲ ನೆಟ್ಟಗೆ ನಡೆಯದಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ದಕ್ಷಿಣದಲ್ಲೇ ಇದೆ.

1861ರಲ್ಲಿ ಮದರಾಸು ವೀಕ್ಷಣಾಲಯದ ಸರ್ಕಾರಿ ಖಗೋಳಜ್ಞನಾಗಿ ಬಂದ ಪಾಗ್ಸನ್, ಬಂದ ವರ್ಷವೇ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹ ಹಿಡಿದ. ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ‘67 ಏಷ್ಯಾ’ ಎಂದೇ ಹೆಸರು. ಆಮೇಲೆ ಸಾಫೊ, ಸಿಲ್ವಿಯಾ, ಕ್ಯಾಮಿಲಾ, 1885ರಲ್ಲಿ ವೆರಾ. ಅವನ ಕೈಚಳಕಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆಗ ಬೀಲಾ ಎಂಬ ಧೂಮಕೇತುವೊಂದು ಖಗೋಳಜ್ಞರ ತಲೆ ಕೆಡಿಸಿತ್ತು. 1846ರಲ್ಲಿ ಅದು ಎರಡಾಗಿ ಒಡೆದದ್ದು ಕಂಡಿತು, 1852ರಲ್ಲಿ ಮರಳಿತು, ಮತ್ತೆ ಪತ್ತೆಯಿಲ್ಲ. 1872ರ ನವೆಂಬರ್ 27ರ ರಾತ್ರಿ ಅದೇ ಕಕ್ಷೆಯ ದಿಕ್ಕಿನಿಂದ ಯುರೋಪಿನ ಮೇಲೆ ಉಲ್ಕೆಗಳ ಮಳೆ ಸುರಿಯಿತು. ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಕ್ಲಿಂಕರ್‌ಫೂಸ್, ಧೂಮಕೇತು ಭೂಮಿಯನ್ನು ಸವರಿಕೊಂಡೇ ಹೋಗಿರಬೇಕು, ಹಾಗಿದ್ದರೆ ಈಗ ದಕ್ಷಿಣದ ಆಕಾಶದಲ್ಲಿರಬೇಕು ಎಂದು ತರ್ಕಿಸಿ ಪಾಗ್ಸನ್‌ಗೆ ತಂತಿ ಕಳಿಸಿದ: ಸೆಂಟಾರಸ್‌ನ ಥೀಟಾ ನಕ್ಷತ್ರದ ಬಳಿ ಹುಡುಕು.

ಪಾಗ್ಸನ್ ಹುಡುಕಿದ. ಡಿಸೆಂಬರ್ ಮೊದಲ ವಾರದ ಎರಡು ಬೆಳಗಿನ ಜಾವಗಳಲ್ಲಿ ಅಲ್ಲೊಂದು ಧೂಮಕೇತು ಕಂಡಿತು, ಸ್ಥಾನವನ್ನೂ ಅಳೆದ. ಮೂರನೆಯ ಅಳತೆಗೆ ಮೋಡ ಅವಕಾಶ ಕೊಡಲಿಲ್ಲ. ಮೋಡ ಕರಗುವ ಹೊತ್ತಿಗೆ ಧೂಮಕೇತು ಇರಲಿಲ್ಲ. ಕಕ್ಷೆ ಕಟ್ಟಲು ಕನಿಷ್ಠ ಮೂರು ಸ್ಥಾನ ಬೇಕು. ಅವನ ಕೈಯಲ್ಲಿದ್ದದ್ದು ಎರಡು ಬೆಳಗಿನದು. ಅವನು ಕಂಡದ್ದು ಬೀಲಾ ಆಗಿರಲಾರದು, ಆಕಸ್ಮಿಕವಾಗಿ ಅದೇ ಜಾಗದಲ್ಲಿದ್ದ ಇನ್ನಾವುದೋ ಧೂಮಕೇತು ಎಂಬುದು ಆಮೇಲಿನವರ ಲೆಕ್ಕ. ತಂತಿಯ ತರ್ಕ ತಪ್ಪು, ಕಂಡದ್ದು ನಿಜ, ಆದರೂ ಉಪಯೋಗವಿಲ್ಲ. ಧೂಮಕೇತುಗಳ ಪಟ್ಟಿಯಲ್ಲಿ ಅದು ಈಗಲೂ ಎಕ್ಸ್/1872 ಎಕ್ಸ್1. ಮೊದಲ ‘ಎಕ್ಸ್’ ಅಂದರೆ ಕಕ್ಷೆ ಹೇಳಲಾಗದ್ದು.

ಕಾವಲೂರು, 1988

ಮದರಾಸು ವೀಕ್ಷಣಾಲಯವೇ ಮುಂದೆ ಕೊಡೈಕನಾಲಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಬಂದು ಐಐಎ ಆಯಿತು. 1971ರಲ್ಲಿ ಅದಕ್ಕೆ ಸ್ವಾಯತ್ತ ರೂಪ ಕೊಟ್ಟ ವೇಣು ಬಾಪು ಸ್ವತಃ ಧೂಮಕೇತು ಕಂಡವರು. 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ತೆಗೆದ ಫಲಕದಲ್ಲಿ ಸಿಕ್ಕ ಅದು ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ಹೆಸರಾಯಿತು. ಇದೇ ಬಾಪು 1960ರ ದಶಕದ ಕೊನೆಯಲ್ಲಿ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ವೀಕ್ಷಣಾಲಯಕ್ಕೆ ಜಾಗ ಆರಿಸಿದರು.

1980ರ ದಶಕದ ಕೊನೆಗೆ ಐಐಎಯ ಆರ್. ರಾಜಮೋಹನ್ ಕಾವಲೂರಿನ ಸಣ್ಣ ಶ್ಮಿಟ್ ದೂರದರ್ಶಕದಿಂದ ಕ್ಷುದ್ರಗ್ರಹ, ಧೂಮಕೇತುಗಳ ಹುಡುಕಾಟಕ್ಕೆ ಇಳಿದರು. ಯೋಜನೆಗೆ ‘ಕಲ್ಕಿ’ ಎಂದು ಹೆಸರು. ಕತ್ತಿ ಹಿಡಿದು ಕುದುರೆಯೇರಿ ಧೂಮಕೇತುವಿನಂತೆ ಬರುವ ಅವತಾರದ ಕಲ್ಪನೆಗೆ ಒಪ್ಪುವ ಹೆಸರೇ. ಆಗ ಡಿಜಿಟಲ್ ಕ್ಯಾಮೆರಾ ಇರಲಿಲ್ಲ. ಫೋಟೊ ಫಲಕಕ್ಕೆ ಬೆಳಕು ಕುಡಿಸಿ, ತೊಳೆದು, ಒಣಗಿಸಿ, ಜೋಡಿ ಫಲಕಗಳನ್ನು ಹೋಲಿಸಿ ಸರಿದ ಚುಕ್ಕಿಯನ್ನು ಕಣ್ಣಿನಿಂದಲೇ ಹೆಕ್ಕಬೇಕಿತ್ತು. 1988ರ ಫೆಬ್ರವರಿ 17ರಂದು ಸಿಕ್ಕದ್ದು ಇಂದಿನ 4130 ರಾಮಾನುಜನ್. ಪಾಗ್ಸನ್‌ನ ವೆರಾ ಬಳಿಕ ಭಾರತದ ನೆಲದಿಂದ ಕ್ಷುದ್ರಗ್ರಹ ಸಿಗುವುದಕ್ಕೆ ನೂರು ವರ್ಷ ದಾಟಿತ್ತು.

ಇನ್ನೂ ಒಂದು ಸೂಕ್ಷ್ಮವಿದೆ. ಅದೇ ವರ್ಷ ಜನವರಿಯ ಕೊನೆಯಲ್ಲೇ ರಾಜಮೋಹನ್ ಇನ್ನೊಂದನ್ನು ಕಂಡಿದ್ದರು. ಅದು ಇಂದು 8348 ಭಟ್ಟಾಚಾರ್ಯ. ಆಗಿನ ಐಐಎ ನಿರ್ದೇಶಕ ಜೆ.ಸಿ. ಭಟ್ಟಾಚಾರ್ಯರ ಹೆಸರು. ಮೊದಲು ಕಂಡದ್ದಕ್ಕೆ ದೊಡ್ಡ ಸಂಖ್ಯೆ, ಆಮೇಲೆ ಕಂಡದ್ದಕ್ಕೆ ಚಿಕ್ಕ ಸಂಖ್ಯೆ. ಕಂಡ ದಿನಕ್ಕೂ ಸಂಖ್ಯೆಗೂ ಸಂಬಂಧವಿಲ್ಲ. ಹಲವು ವರ್ಷಗಳ ನೋಟ ಕೂಡಿ ಕಕ್ಷೆ ಗಟ್ಟಿಯಾದಾಗಲೇ ಸಂಖ್ಯೆ.

ಹೊಸಕೋಟೆಯಲ್ಲಿ ಕುಳಿತು ಹಾನ್ಲೆಯಲ್ಲಿ ನೋಡುವುದು

ಕಾವಲೂರಿಗೆ ಮುಂಗಾರು, ಹಿಂಗಾರು ಎರಡರ ಮೋಡವೂ ಉಂಟು. ಮೋಡದ ಕಾಟದಿಂದ ತಪ್ಪಿಸಿಕೊಳ್ಳಲು ಐಐಎ ಮಳೆಯ ನೆರಳಿನ ಲಡಾಖಿಗೆ ಏರಿತು. ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಎರಡು ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕ 2000ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡಿತು. ಅಲ್ಲಿ ಗಾಳಿ ತೆಳು, ಚಳಿ ಕಡು, ರಾತ್ರಿಯಿಡೀ ಎಚ್ಚರವಿದ್ದು ಲೆಕ್ಕ ಮಾಡುವುದು ಆರೋಗ್ಯದ ಕೆಲಸವಲ್ಲ. ಹಾಗಾಗಿ ಚುಕ್ಕಾಣಿಯನ್ನು ಹೊಸಕೋಟೆಗೆ ತಂದರು. ಉಪಗ್ರಹ ಸಂಪರ್ಕದ ಮೂಲಕ ಆದೇಶ ಮೇಲೆ ಹೋಗುತ್ತದೆ, ಚಿತ್ರ ಕೆಳಗೆ ಬರುತ್ತದೆ. ಹೊರಗೆ ಶಿಡ್ಲಘಟ್ಟ ರಸ್ತೆಯಲ್ಲಿ ಲಾರಿಗಳ ಓಡಾಟ, ಒಳಗೆ ಪರದೆಯ ಮೇಲೆ ಹಿಮಾಲಯದ ಆಕಾಶ. ಇದೇ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಆದಿತ್ಯ ಎಲ್1 ನೌಕೆಯ ಸೂರ್ಯಕಿರೀಟ ನೋಡುವ ಉಪಕರಣವೂ ಜೋಡಣೆಯಾಯಿತು. ಜಿಲ್ಲೆಯ ಬಹಳ ಮಂದಿಗೆ ಇದು ಇನ್ನೂ ಗೊತ್ತಿಲ್ಲದಿರುವುದು ನನಗೆ ಸೋಜಿಗ.

ಕ್ಷುದ್ರಗ್ರಹಗಳ ಬೆನ್ನು ಹತ್ತುವ ಕೆಲಸಕ್ಕೆ ಹಾನ್ಲೆಯಲ್ಲಿ ಇನ್ನೂ ಚುರುಕಾದ ಒಂದು ಸಾಧನವಿದೆ: ಐಐಎ ಮತ್ತು ಐಐಟಿ ಬಾಂಬೆ ಸೇರಿ 2018ರಲ್ಲಿ ಚಾಲೂ ಮಾಡಿದ 70 ಸೆಂಟಿಮೀಟರ್ ಅಗಲದ ಗ್ರೋತ್ ಇಂಡಿಯಾ ದೂರದರ್ಶಕ. ಇದು ರೋಬೋ, ಮಾಡಬೇಕಾದ ಕೆಲಸಗಳ ಪಟ್ಟಿ ಕೊಟ್ಟರೆ ರಾತ್ರಿಯಿಡೀ ತಾನೇ ತಿರುಗಿ ನೋಡುತ್ತದೆ. ಜೋರಾಗಿ ಓಡುವ ಬಂಡೆಗಳಿಗೆ ಇಲ್ಲೊಂದು ಉಪಾಯವಿದೆ. ನಕ್ಷತ್ರಗಳನ್ನು ಹಿಂಬಾಲಿಸುವ ಬದಲು ಬಂಡೆಯನ್ನೇ ಹಿಂಬಾಲಿಸಿದರೆ ಅದು ಚುಕ್ಕಿಯಾಗಿ ನಿಲ್ಲುತ್ತದೆ, ನಕ್ಷತ್ರಗಳು ಗೆರೆಗಳಾಗುತ್ತವೆ. ಮಸುಕು ಬಂಡೆಯ ಬೆಳಕು ಒಂದೇ ಕಡೆ ಕೂಡಿಬರುತ್ತದೆ. ಆದರೆ ಗೆರೆಯಾದ ನಕ್ಷತ್ರದ ಸ್ಥಾನ ಅಳೆಯುವುದು ತಲೆನೋವು. ಅದಕ್ಕೆಂದೇ ಈ ತಂಡ ‘ಆಸ್ಟ್ರೀಕ್ಸ್’ ಎಂಬ ತಂತ್ರಾಂಶ ಬರೆದು 2023ರಲ್ಲಿ ಪ್ರಕಟಿಸಿತು.

ಹಾನ್ಲೆಯ ಬೆಲೆ ಇರುವುದು ಎತ್ತರದಲ್ಲಷ್ಟೇ ಅಲ್ಲ, ರೇಖಾಂಶದಲ್ಲಿ. ಹುಡುಕುವ ದೊಡ್ಡ ದೂರದರ್ಶಕಗಳು ಹೆಚ್ಚಾಗಿ ಅಮೆರಿಕ ಖಂಡಗಳಲ್ಲಿ, ಹವಾಯಿಯಲ್ಲಿ ಇವೆ. ಅಲ್ಲಿ ಬೆಳಕು ಹರಿದಾಗ ಇಲ್ಲಿ ಕತ್ತಲು. ಸಂಜೆ ಅರಿಜೋನಾದಲ್ಲಿ ಕಂಡ ಬಂಡೆಯನ್ನು ಮರುಸಂಜೆಯವರೆಗೆ ಕೈಬಿಡದೆ ಹಿಡಿದಿಡಬೇಕಾದರೆ ನಡುವೆ ಏಷ್ಯಾದವರು ಕಾಯಬೇಕು. ದೂರದ ಎರಡು ಊರುಗಳಿಂದ ಒಂದೇ ಹೊತ್ತಿಗೆ ನೋಡಿದರೆ ಇನ್ನೊಂದು ಲಾಭ: ಹತ್ತಿರದ ಬಂಡೆ ಹಿನ್ನೆಲೆಯ ನಕ್ಷತ್ರಗಳ ಎದುರು ಸ್ವಲ್ಪ ಸರಿದಂತೆ ಕಾಣುತ್ತದೆ, ದೂರ ಗೊತ್ತಾಗುತ್ತದೆ. ಒಂದೊಂದೇ ಕಣ್ಣು ಮುಚ್ಚಿ ಬೆರಳು ನೋಡಿದಂತೆ.

ನಮ್ಮವರ ಕಣ್ಣು ಬೇರೆಡೆ ತೆಗೆದ ಚಿತ್ರಗಳ ಮೇಲೂ ಇರುತ್ತದೆ. 2020ರ ಆಗಸ್ಟ್ 16ರಂದು 2020 ಕ್ಯೂಜಿ ಎಂಬ ಕಾರಿನಷ್ಟು ಗಾತ್ರದ ಬಂಡೆ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮೇಲೆ ಕೇವಲ 2,950 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಕ್ಯಾಲಿಫೋರ್ನಿಯಾದ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಅದರ ಗೆರೆಯನ್ನು ಗುರುತಿಸಿದವರು ಐಐಟಿ ಬಾಂಬೆಯ ಇಬ್ಬರು ವಿದ್ಯಾರ್ಥಿಗಳು. ಕಂಡದ್ದು ಅದು ಹಾದುಹೋದ ಕೆಲವು ಗಂಟೆಗಳ ಮೇಲೆ.

ಕಳೆದು ಸಿಕ್ಕ ಧೂಮಕೇತು

2024ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬೆಂಗಳೂರಿನ ಸುತ್ತಲಿನವರು ಬೆಳಗಿನ ಜಾವ ಎದ್ದು ಪೂರ್ವದಲ್ಲಿ ಒಂದು ಬಾಲಚುಕ್ಕಿ ನೋಡಿದರು, ಮೊಬೈಲಿನಲ್ಲೂ ಹಿಡಿದರು. ಹೆಸರು ಕರೆಯುವುದಕ್ಕೇ ಕಷ್ಟ: ತ್ಸುಚಿನ್‌ಶಾನ್–ಅಟ್ಲಾಸ್. ಆ ಜೋಡಿ ಹೆಸರಿನಲ್ಲೇ ಒಂದು ಎಡವಟ್ಟಿನ ಕಥೆಯಿದೆ.

2023ರ ಜನವರಿ 9ರಂದು ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯ (ಚೀನೀ ಹೆಸರಿನ ಹಳೆಯ ಬರಹವೇ ತ್ಸುಚಿನ್‌ಶಾನ್) ಒಂದು ಮಸುಕು ಚುಕ್ಕಿ ಕಂಡು ವರದಿ ಮಾಡಿತು. ಅದು ಖಚಿತಪಡಿಸುವ ಪಟ್ಟಿಯಲ್ಲಿ ಕುಳಿತು ಕಾಯಿತು. ಯಾರೂ ಎರಡನೆಯ ಸಲ ನೋಡಿದ ವರದಿ ಬರಲಿಲ್ಲ. ಜನವರಿ 30ರಂದು ‘ಕಳೆದುಹೋಗಿದೆ’ ಎಂದು ಪಟ್ಟಿಯಿಂದ ತೆಗೆದರು. ಫೆಬ್ರವರಿ 22ರಂದು ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕ ಒಂದು ಹೊಸ ಚುಕ್ಕಿ ಕಂಡಿತು. ಕಕ್ಷೆ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಜನವರಿಯ ಚೀನೀ ಚುಕ್ಕಿಯ ಮೇಲೆಯೇ ಬಂದು ನಿಂತಿತು. ಹಳೆಯ ಚಿತ್ರಗಳನ್ನು ಕೆದಕಿದಾಗ 2022ರ ಡಿಸೆಂಬರಿನಲ್ಲೂ ಅದು ಯಾರೂ ಗಮನಿಸದೆ ಸಿಕ್ಕಿಬಿದ್ದಿತ್ತು. ಹಾಗಾಗಿ ಹೆಸರಿನಲ್ಲಿ ಇಬ್ಬರೂ, ಗುರುತಿನಲ್ಲಿ ಜನವರಿಯೂ ಉಳಿದವು: ಸಿ/2023 ಎ3. ದಶಕದಲ್ಲೇ ಚೆಂದದ ಧೂಮಕೇತುಗಳಲ್ಲೊಂದು ಕಡತದಿಂದ ಒಮ್ಮೆ ಹೊರಗೆ ಬಿದ್ದಿತ್ತು ಎಂಬುದನ್ನು ನೆನೆದರೆ, ಪಾಗ್ಸನ್‌ನ ಮೋಡಕ್ಕೆ ಈ ಕಾಲದಲ್ಲೂ ಬೇರೆ ಬೇರೆ ರೂಪಗಳಿವೆ ಅನ್ನಿಸುತ್ತದೆ.

ಎಮ್ಮೆ ಮತ್ತು ಶೇಕಡಾವಾರು

2024 ವೈಆರ್4 ಎಂಬ ಹೆಸರು 2025ರ ಫೆಬ್ರವರಿಯಲ್ಲಿ ಕನ್ನಡ ಚಾನೆಲ್‌ಗಳಲ್ಲೂ ಓಡಾಡಿತು. 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ಇದನ್ನು ಕಂಡಾಗ ಬಂಡೆ ಭೂಮಿಯನ್ನು ದಾಟಿ ಎರಡು ದಿನ ಆಗಿತ್ತು, ಮಸುಕಾಗುತ್ತ ದೂರ ಹೋಗುತ್ತಿತ್ತು. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಂಭವ ಶೇಕಡಾ 1 ಎಂದರು, ಆಮೇಲೆ 2 ದಾಟಿತು, ಫೆಬ್ರವರಿ 18ರಂದು 3.1ಕ್ಕೆ ಏರಿತು. ಬಡಿದರೆ ಎಲ್ಲಿ ಎಂಬ ಪಟ್ಟಿ ಪೆಸಿಫಿಕ್‌ನಿಂದ ಆಫ್ರಿಕಾ, ಅರಬ್ಬೀ ಸಮುದ್ರ ಹಾದು ಭಾರತದವರೆಗೆ ಎಳೆದಿತ್ತು. ಒಂದು ವಾರದೊಳಗೆ ಸಂಭವ ಹೆಚ್ಚುಕಡಿಮೆ ಸೊನ್ನೆಗೆ ಕುಸಿಯಿತು. ‘ವಿಜ್ಞಾನಿಗಳು ಮಾತು ಬದಲಿಸಿದರು’ ಎಂದು ಗೇಲಿಯೂ ಆಯಿತು.

ಮಾತು ಬದಲಾಗಿರಲಿಲ್ಲ. ಹೀಗೆ ಯೋಚಿಸಿ: ಕಳೆದುಹೋದ ಎಮ್ಮೆಯೊಂದು ವಿಜಯಪುರ ಹೋಬಳಿಯಲ್ಲಿ ಎಲ್ಲೋ ಇದೆ ಎಂದು ಸುದ್ದಿ. ಅದು ನಿಮ್ಮ ಹಿಪ್ಪುನೇರಳೆ ತೋಟಕ್ಕೇ ನುಗ್ಗಿರುವ ಸಂಭವ ತೀರಾ ಕಡಿಮೆ. ಮಧ್ಯಾಹ್ನ, ‘ನಿಮ್ಮ ಹಳ್ಳಿಯಲ್ಲೇ ನೋಡಿದರಂತೆ’ ಎಂದು ಸುದ್ದಿ, ಸಂಭವ ಏರಿತು. ಸಂಜೆ, ‘ನಿಮ್ಮ ತೋಟದ ಆಸುಪಾಸಿನಲ್ಲೇ’, ಇನ್ನೂ ಏರಿತು. ಆಮೇಲೆ ಪಕ್ಕದವರ ತೋಟದಲ್ಲಿ ಸಿಕ್ಕಿತು, ಸೊನ್ನೆ. ಎಮ್ಮೆ ಅಷ್ಟೂ ಹೊತ್ತು ನಿಂತಲ್ಲೇ ಇತ್ತು. ಸಣ್ಣದಾದದ್ದು ನಮ್ಮ ಅನುಮಾನದ ಗಡಿ. ಅಳತೆ ಬಂದಂತೆ ಅನುಮಾನದ ಪಟ್ಟಿ ಕುಗ್ಗುತ್ತದೆ. ಭೂಮಿ ಅದರೊಳಗೆ ಇರುವವರೆಗೆ ಸಂಭವ ಏರುವುದೇ ಲೆಕ್ಕ, ಹೊರಗೆ ಬಿದ್ದ ಕ್ಷಣ ಕುಸಿಯುವುದೂ ಲೆಕ್ಕ. ಸಂಭವ ಏರಿತೆಂಬ ಸುದ್ದಿ ಓದಿದಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು’ ಎಂಬುದಲ್ಲ, ‘ಇನ್ನೂ ಎಷ್ಟು ದಿನ ಅಳೆಯಬಹುದು’ ಎಂಬುದು.

ಇದಕ್ಕಿಂತ ಹಳೆಯದು ಅಪೋಫಿಸ್ ಪ್ರಕರಣ. 2004ರ ಜೂನ್ 19ರಂದು ಅರಿಜೋನಾದ ಕಿಟ್ ಪೀಕ್‌ನಲ್ಲಿ ಕಂಡು, ಎರಡೇ ರಾತ್ರಿಗಳ ನೋಟದ ಮೇಲೆ ಕೈತಪ್ಪಿತು. ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಿಂದ ಮತ್ತೆ ಸಿಕ್ಕಾಗ 2029ರಲ್ಲಿ ಬಡಿಯುವ ಸಂಭವ ಶೇಕಡಾ 2.7ರವರೆಗೆ ಹೋಯಿತು. ಅದನ್ನು ಇಳಿಸಿದ್ದು ಹೊಸ ನೋಟವಲ್ಲ, ಹಳೆಯದು: ಅದೇ ವರ್ಷದ ಮಾರ್ಚ್‌ನ ಚಿತ್ರಗಳಲ್ಲಿ ಅದು ಮಸುಕಾಗಿ ಸಿಕ್ಕಿತ್ತು.

ಕ್ಷುದ್ರಗ್ರಹವಲ್ಲದ ಕ್ಷುದ್ರಗ್ರಹಗಳು

ಪಟ್ಟಿಗೆ ಬರುವುದೆಲ್ಲ ಕಲ್ಲಲ್ಲ. 2020 ಎಸ್ಒ ಎಂದು ಹೆಸರು ಪಡೆದದ್ದು 1966ರಲ್ಲಿ ಸರ್ವೇಯರ್ 2 ನೌಕೆಯನ್ನು ಚಂದ್ರನತ್ತ ಒಯ್ದ ರಾಕೆಟ್ಟಿನ ಖಾಲಿ ತುಂಡು ಎಂದು ತಿಳಿಯಿತು. 2025ರ ಜನವರಿ 2ರಂದು ಪ್ರಕಟವಾದ 2018 ಸಿಎನ್41 ಇನ್ನೂ ತಮಾಷೆ. ಮಾರನೆಯ ದಿನವೇ ಅದನ್ನು ಅಳಿಸಿಹಾಕಬೇಕಾಯಿತು, ಏಕೆಂದರೆ ಅದು ಇಲಾನ್ ಮಸ್ಕ್ 2018ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ಟೆಸ್ಲಾ ಕಾರು. ಭೂಮಿಯ ಸುತ್ತಲಿನ ಉಪಗ್ರಹ, ಕಸಗಳ ಮೇಲೆ ಕಣ್ಣಿಡಲು ಇಸ್ರೋ ಬೆಂಗಳೂರಿನಲ್ಲಿ 2022ರಲ್ಲಿ ಪ್ರತ್ಯೇಕ ಕೇಂದ್ರವನ್ನೇ ತೆರೆದಿದೆ.

2025ರ ಜುಲೈ 1ರಂದು ಚಿಲಿಯ ಅಟ್ಲಾಸ್‌ಗೆ ಸಿಕ್ಕ ‘ಎ11ಪಿಎಲ್3ಝಡ್’ ಎಂಬ ತಾತ್ಕಾಲಿಕ ಗುರುತಿನ ಚುಕ್ಕಿ ಇನ್ನೊಂದು ಬಗೆಯ ಅಚ್ಚರಿ. ಪಟ್ಟಿಗೆ ಬಂದ ಮರುದಿನವೇ ಸಾಕಷ್ಟು ಅಳತೆ ಕೂಡಿ, ಅದು ಸೂರ್ಯನಿಗೆ ಸೇರಿದ್ದೇ ಅಲ್ಲ, ಬೇರೆ ನಕ್ಷತ್ರದ ಕಡೆಯಿಂದ ಬಂದದ್ದು ಎಂದು ಗೊತ್ತಾಯಿತು. ಅದೇ 3ಐ/ಅಟ್ಲಾಸ್, ಹಾಗೆ ಬಂದವುಗಳಲ್ಲಿ ನಮಗೆ ಗೊತ್ತಾದ ಮೂರನೆಯದು.

ಅಕ್ಷರ, ಅಂಕೆಗಳ ಒಳಗುಟ್ಟು

ಹೆಸರುಗಳನ್ನು ಬಿಡಿಸುವುದು ಸುಲಭ. ವರ್ಷದ ಇಪ್ಪತ್ತನಾಲ್ಕು ಅರ್ಧ ತಿಂಗಳುಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರ (‘ಐ’ ಬಿಟ್ಟು): ಜನವರಿ ಮೊದಲರ್ಧ ‘ಎ’, ಡಿಸೆಂಬರ್ ಎರಡನೆಯರ್ಧ ‘ವೈ’. ಎರಡನೆಯ ಅಕ್ಷರ ಆ ಹದಿನೈದು ದಿನದಲ್ಲಿ ಎಷ್ಟನೆಯದು ಎಂಬುದಕ್ಕೆ. ಇಪ್ಪತ್ತೈದು ಮುಗಿದರೆ ಅಕ್ಷರ ಮತ್ತೆ ಮೊದಲಿಂದ ಶುರು, ಎಷ್ಟು ಸುತ್ತು ಮುಗಿಯಿತೆಂದು ಹೇಳಲು ಹಿಂದೊಂದು ಅಂಕೆ. ಹಾಗಾದರೆ 2024 ವೈಆರ್4 ಅಂದರೆ 2024ರ ಡಿಸೆಂಬರ್ ಎರಡನೆಯರ್ಧದ 117ನೆಯದು. 1988ರ ರಾಮಾನುಜನ್ ಮೊದಲು 1988 ಡಿಕ್ಯೂ1 ಆಗಿತ್ತು: ಫೆಬ್ರವರಿ ಎರಡನೆಯರ್ಧದ 41ನೆಯದು. ಈಗ ಹದಿನೈದು ದಿನಕ್ಕೆ ಸಾವಿರಗಟ್ಟಲೆ ಬರುತ್ತವೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತೋರಿಸಿದ ಮೊದಲ ಚಿತ್ರಗಳಲ್ಲೇ, ಹತ್ತು ಗಂಟೆಯ ನೋಟದಲ್ಲಿ, 2,104 ಹೊಸ ಕ್ಷುದ್ರಗ್ರಹಗಳಿದ್ದವು, ಭೂಸಮೀಪದವು ಏಳು.

ತಾರಸಿಯಿಂದ ಏನು ಮಾಡಬಹುದು

ವಿಮಾನ ನಿಲ್ದಾಣದ ಬೆಳಕಿನ ಕೆಳಗಿನಿಂದ ಹೊಸ ಕ್ಷುದ್ರಗ್ರಹ ಹುಡುಕುವ ಆಸೆ ಬಿಡುವುದು ಒಳ್ಳೆಯದು. ಆದರೆ ಶಾಲಾ ಕಾಲೇಜಿನ ಮಕ್ಕಳಿಗೆ ದೂರದರ್ಶಕವೇ ಇಲ್ಲದೆ ಕೈಹಾಕುವ ದಾರಿಯಿದೆ. ಅಂತಾರಾಷ್ಟ್ರೀಯ ಖಗೋಳ ಹುಡುಕಾಟ ಸಹಯೋಗ ಎಂಬ ಯೋಜನೆ ಪ್ಯಾನ್‌ಸ್ಟಾರ್ಸ್ ತೆಗೆದ ಚಿತ್ರಗಳ ಕಟ್ಟನ್ನು ತಂಡಗಳಿಗೆ ಉಚಿತವಾಗಿ ಕಳಿಸುತ್ತದೆ. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಮಿಣುಕಿಸಿ ನೋಡಿ ಸರಿದ ಚುಕ್ಕಿಗಳನ್ನು ಅಳೆದು ವರದಿ ಮಾಡಬೇಕು. ಭಾರತದ ಶಾಲೆಗಳು 2010ರಿಂದ ಇದರಲ್ಲಿ ಪಾಲ್ಗೊಳ್ಳುತ್ತಿವೆ. ಸ್ವಂತ ದೂರದರ್ಶಕದಿಂದ ಅಳತೆ ಕಳಿಸುವವರು ಮೊದಲು ಗೊತ್ತಿರುವ ಕ್ಷುದ್ರಗ್ರಹಗಳನ್ನು ಒಂದಕ್ಕಿಂತ ಹೆಚ್ಚು ರಾತ್ರಿ ಅಳೆದು ತೋರಿಸಿ ವೀಕ್ಷಣಾಲಯ ಸಂಕೇತ ಪಡೆಯಬೇಕು. ಕಾವಲೂರಿನದು 220.

ಅಷ್ಟೆಲ್ಲ ಬೇಡ, ಬರಿಗಣ್ಣಿಗೆ ಅಥವಾ ಬೈನಾಕ್ಯುಲರಿಗೆ ಏನೋ ಹೊಸದು ಕಂಡಿದೆ ಅನ್ನಿಸಿದರೆ, ಮೊದಲು ಅದು ದೇವನಹಳ್ಳಿಗೆ ಇಳಿಯುತ್ತಿರುವ ವಿಮಾನವಲ್ಲ ಎಂದು ನೋಡಿಕೊಳ್ಳಿ. ಸಮಯವನ್ನು ಸೆಕೆಂಡಿನವರೆಗೆ ಬರೆದಿಡಿ. ಪಕ್ಕದ ನಕ್ಷತ್ರಗಳ ಸಹಿತ ಒಂದು ಚಿತ್ರ ಬರೆದುಕೊಳ್ಳಿ ಅಥವಾ ಫೋಟೊ ತೆಗೆಯಿರಿ. ವಾಟ್ಸಾಪಿಗೆ ಹಾಕುವ ಮೊದಲು ಮಾರನೆಯ ರಾತ್ರಿ ಅದೇ ಹೊತ್ತಿಗೆ ಅಲಾರಂ ಇಟ್ಟು ಮತ್ತೊಮ್ಮೆ ತಾರಸಿ ಹತ್ತಿ.